ಹಡಗಿಗೆ ಹಾಕಿದ ಕೊಸರು

ಸಮುದ್ರ ಹೇಗಿರುತ್ತದೆಂದು ಗೊತ್ತಿಲ್ಲದ ಊರಿನಲ್ಲಿ ಕೂತು ನಾನು ಏಳು ವರ್ಷ ಹಡಗಿನ ಚಾಕರಿ ಮಾಡಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಗರಿಬೊಮ್ಮನಹಳ್ಳಿಯ ರೈಲು ಸ್ಟೇಷನ್ನಿನ ಆಚೆ, ಹಳಿಯ ಪಕ್ಕದ ಬಯಲಿನಲ್ಲಿ, ಕಬ್ಬಿಣದ ಅದಿರಿನ ಒಂದು ಯಾರ್ಡು ಇತ್ತು. ಕೂಡ್ಲಿಗಿ ಕಡೆಯ ಗುಡ್ಡಗಳಿಂದ ಲಾರಿಗಳು ಅದಿರು ತಂದು ಅಲ್ಲಿ ಸುರಿಯುತ್ತಿದ್ದವು. ಹೆಣ್ಣುಮಕ್ಕಳು ಅದನ್ನು ಜರಡಿ ಹಿಡಿಯುತ್ತಿದ್ದರು. ಪುಡಿ ಕೆಳಗೆ ಉದುರಿ, ಮೇಲೆ ಉಳಿದ ಕಲ್ಲು ವ್ಯಾಗನ್ನು ಹತ್ತಿ ಮದರಾಸಿನ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಜಪಾನಿಗೆ ಹೋಗುತ್ತಿತ್ತು. ನಾನು ಆ ಯಾರ್ಡಿನ ಟೈಪಿಸ್ಟ್.

ನಮ್ಮದು ಹರಪನಹಳ್ಳಿ. ಅಬ್ಬಾ ಬಸ್‌ಸ್ಟ್ಯಾಂಡಿನ ಹತ್ತಿರ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದರು. ಮನೆಯ ಗಂಡಸರೆಲ್ಲರ ಉಗುರಿನಲ್ಲೂ ಗ್ರೀಸು. ನನಗೆ ಮಾತ್ರ ಬಿಳಿ ಅಂಗಿಯ ಹುಚ್ಚು. ಟೈಪಿಂಗ್ ಸೀನಿಯರ್ ಪಾಸು ಮಾಡಿ ಕೆಲಸ ಸಿಕ್ಕಿತೆಂದಾಗ ಅಬ್ಬಾ, "ನೀನು ಎಷ್ಟು ಬಡಿದ್ರೂ ಆ ಮಿಷನ್ನಿಂದ ಒಂದು ಲಾರಿನೂ ಮುಂದಕ್ಕೆ ಹೋಗಲ್ಲ ಬಿಡು" ಎಂದು ಆಶೀರ್ವಾದ ಮಾಡಿದರು. ಅವರ ಬೀರುವಿನಲ್ಲಿ ಒಂದು ಜಪಾನಿ ಸ್ಪ್ಯಾನರ್ ಸೆಟ್ಟು ಬೀಗ ಹಾಕಿಕೊಂಡು ಕೂತಿತ್ತು. ಅದನ್ನು ಕೆಲಸಕ್ಕೆ ಬಳಸುತ್ತಿರಲಿಲ್ಲ. ನೆಂಟರು ಬಂದಾಗ ತೆಗೆದು ತೋರಿಸಿ, "ಏನು ಕಬ್ಬಿಣ ನೋಡ್ರಿ, ನಮ್ಮ ದೇಶದಾಗೆ ಇಂಥದ್ದು ಎಲ್ಲೈತಿ" ಎನ್ನುತ್ತಿದ್ದರು. ಇಲ್ಲಿಂದ ಹೋದ ಗುಡ್ಡವೇ ಎಣ್ಣೆ ಹಚ್ಚಿಕೊಂಡು ವಾಪಸು ಬಂದಿರಬಹುದೆಂದು ಅವರಿಗೂ ಹೊಳೆಯಲಿಲ್ಲ, ದಿನಾ ವ್ಯಾಗನ್ನಿನ ಚೀಟಿ ಟೈಪು ಮಾಡುತ್ತಿದ್ದ ನನಗೂ ಹೊಳೆಯಲಿಲ್ಲ.

ಯಾರ್ಡಿಗೆ ಮ್ಯಾನೇಜರ್ ಒಬ್ಬರಿದ್ದರು. ಬಳ್ಳಾರಿಯವರು, ಒಳ್ಳೆಯವರು, ಆದರೆ ಪರದೇಶದ ಅಂಚೆಚೀಟಿ ಕಂಡರೆ ಎದ್ದು ನಿಲ್ಲುವಷ್ಟು ಭಯಸ್ಥರು. ಗಣಿಯ ಧಣಿಗಳು ಹೊಸಪೇಟೆಯಲ್ಲಿರುತ್ತಿದ್ದರು. ಧಣಿಗಳ ಮೇಲೆ ಮದರಾಸಿನ ಏಜೆಂಟರು, ಏಜೆಂಟರ ಮೇಲೆ ಜಪಾನಿನ ಕಂಪನಿ. ಆ ಕಂಪನಿಯ ಮೇಲೆ ಯಾರಿದ್ದಾರೆಂದು ನಮಗೆ ತಿಳಿಯುವ ಅಗತ್ಯವಿರಲಿಲ್ಲ. ಅಲ್ಲಿನ ಕುಲುಮೆ ಜೋರಾಗಿ ಉರಿದರೆ ನಮಗೆ ವಾರವಿಡೀ ಕೆಲಸ. ಅಲ್ಲಿ ಯಾರೋ ಮುಖ ಗಂಟಿಕ್ಕಿದರೆ ಇಲ್ಲಿ ಬಟವಾಡೆ ಇಲ್ಲ. ಸ್ಟೇಷನ್ನಿನ ಚಹಾ ಅಂಗಡಿಯವನು, ಕೊಟ್ಟೂರಿನ ಬಸ್ಸನ್ನು ವಿಚಾರಿಸಿದಷ್ಟು ಸಲೀಸಾಗಿ, "ಹಡಗು ಎಲ್ಲೀತನ ಬಂತ್ರಿ?" ಎಂದು ನನ್ನನ್ನು ಕೇಳುತ್ತಿದ್ದ. ನಾನೂ ನೋಡಿ ಬಂದವನ ಗತ್ತಿನಲ್ಲಿ ಉತ್ತರ ಕೊಡುತ್ತಿದ್ದೆ.

ಕಲ್ಲು ಎಷ್ಟು ದಪ್ಪ ಇರಬೇಕೆಂದು ಕಾಗದ ಅಲ್ಲಿಂದಲೇ ಬರುತ್ತಿತ್ತು. ಅದರಲ್ಲಿ ಮಿಲಿಮೀಟರು ಇರುತ್ತಿತ್ತು. ಹೆಣ್ಣುಮಕ್ಕಳಿಗೆ ಮಿಲಿಮೀಟರು ಹೇಳಿ ಪ್ರಯೋಜನವಿಲ್ಲವೆಂದು ಮ್ಯಾನೇಜರ್ರು, "ಹುಣಸಿ ಬೀಜಕ್ಕಿಂತ ಸಣ್ಣದು ಬ್ಯಾಡ, ಮೂಸಂಬಿಗಿಂತ ದೊಡ್ಡದು ಬ್ಯಾಡ" ಎಂದು ಅನುವಾದ ಮಾಡಿದರು. ಗೊಂದಲ ಬೇಡವೆಂದು ಒಂದು ಮೂಸಂಬಿಯನ್ನು ದಾರದಲ್ಲಿ ಕಟ್ಟಿ ಆಫೀಸಿನ ಬಾಗಿಲಿಗೆ ತೂಗುಹಾಕಿದರು. ಬೇಸಿಗೆ. ಮೂಸಂಬಿ ದಿನದಿನಕ್ಕೂ ಒಣಗುತ್ತಾ ಬಂತು. ಅದರ ಜೊತೆಗೆ ನಮ್ಮ ಅದಿರೂ ಸಣ್ಣದಾಗುತ್ತಾ ಹೋಯಿತು, ಯಾಕೆಂದರೆ ಕಲ್ಲು ಒಡೆಯುವವರು ನಿಯತ್ತಿನಿಂದ ಬಾಗಿಲಿಗೆ ಬಂದು ನೋಡಿಕೊಂಡು ಹೋಗಿ ಒಡೆಯುತ್ತಿದ್ದರು. ತಿಂಗಳಾದ ಮೇಲೆ ಜಪಾನಿನಿಂದ, ನಿಮ್ಮ ಗಣಿಯ ಕಲ್ಲು ಯಾಕೆ ಕ್ರಮೇಣ ಕುಗ್ಗುತ್ತಿದೆ, ಭೂಗರ್ಭದಲ್ಲೇನಾದರೂ ಬದಲಾವಣೆಯೇ ಎಂದು ಬಹಳ ಗೌರವದ ಒಂದು ಕಾಗದ ಬಂತು. ಮ್ಯಾನೇಜರ್ರು ಮೂಸಂಬಿಯನ್ನು ಕಿತ್ತೆಸೆದು ಮರದ ಉಂಡೆ ಮಾಡಿಸಿದರು. ಕಾಗದಕ್ಕೆ ಏನು ಉತ್ತರ ಬರೆದೆವೆಂದು ಹೇಳಲು ಈಗಲೂ ನನಗೆ ನಾಚಿಕೆ.

ಜರಡಿಯಿಂದ ಉದುರಿದ ಪುಡಿಯನ್ನು ಯಾರೂ ಕೇಳುತ್ತಿರಲಿಲ್ಲ. ಯಾರ್ಡಿನ ಹಿಂದೆ ಅದೇ ಒಂದು ಗುಡ್ಡವಾಗಿತ್ತು. ಗಾಳಿ ಬಿಟ್ಟರೆ ಪಕ್ಕದ ಹೊಲದ ಜೋಳ, ಎಮ್ಮೆ, ಸ್ಟೇಷನ್ ಮಾಸ್ತರರ ಪಂಚೆ ಎಲ್ಲ ಕೆಂಪು. ಬೇಕಾದವರು ಬಂಡಿ ತಂದು ರಸ್ತೆಯ ತಗ್ಗಿಗೆ ಒಯ್ಯುತ್ತಿದ್ದರು. ಹೆಂಗಸರು ಒಂದು ಪುಟ್ಟಿ ಹೊತ್ತುಕೊಂಡು ಹೋಗಿ ಗೋಡೆಯ ಬುಡಕ್ಕೆ ಕೆಂಪು ಪಟ್ಟಿ ಬಳಿಯುತ್ತಿದ್ದರು.

ಜರಡಿಯ ಸಾಲಿಗೆ ಹಿರಿಯಳೊಬ್ಬಳಿದ್ದಳು. ಎಲ್ಲರಿಗೂ ಅವಳು ಅಕ್ಕ, ನನಗೂ ಅಕ್ಕ. ಚಿಗಟೇರಿಯ ಕಡೆಯ ಕುರಿ ಸಾಕುವ ಮನೆತನದವಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಕುರಿಹಿಂಡು ಮೈದುನರ ಪಾಲಾಗಿ, ಇವಳು ಅವರ ಪಡಸಾಲೆಯಲ್ಲಿ ಎರಡು ವರ್ಷ ಅವರು ಹಾಕಿದ್ದನ್ನು ಉಂಡಿದ್ದಳಂತೆ. ಯಾರ್ಡು ಶುರುವಾದ ವರ್ಷ ಬಂದು ಜರಡಿ ಹಿಡಿದಳು. ಆಮೇಲೆ ತನ್ನಂಥ ಇಪ್ಪತ್ತು ಇಪ್ಪತ್ತೈದು ಹೆಂಗಸರನ್ನು ಒಬ್ಬೊಬ್ಬರಾಗಿ ಕರೆತಂದು ಸಾಲು ಕಟ್ಟಿದಳು. ಹಗರಿಬೊಮ್ಮನಹಳ್ಳಿಯಲ್ಲೇ ಒಂದು ಕೋಣೆ ಹಿಡಿದಿದ್ದಳು. "ಜರಡಿ ಇರೋತನಕ ನಾನು ಯಾರ ಮನಿ ಬಾಗಲಾಗೂ ನಿಂದ್ರಂಗಿಲ್ಲ ತಮ್ಮಾ" ಎಂದು ನನಗೆ ಹೇಳುತ್ತಿದ್ದಳು. ಜರಡಿ ಹೋದರೆ ಮತ್ತೆ ಅದೇ ಪಡಸಾಲೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು.

ಅವಳು ನನ್ನನ್ನು ಸಿಕ್ಕಾಪಟ್ಟೆ ಗೇಲಿ ಮಾಡುತ್ತಿದ್ದಳು. ನನ್ನ ಪೇಟೆಯ ಮಾತು, ಬಿಳಿ ಅಂಗಿ, ಟೈಪಿನ ಸದ್ದು ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನಾನು ಹಡಗಿನ ವರ್ಣನೆ ಮಾಡುತ್ತಿದ್ದಾಗ, "ಬಿಡೋ, ಸಮುದ್ರದ ಸುದ್ದಿ ಗೊತ್ತಿರೋದು ಅಂದ್ರ ನಮ್ಮ ಸೀಮಿಯಾಗ ಹೊಳಲಿನ ಅನಂತಶಯನ ಸ್ವಾಮಿಗೊಬ್ಬಗ. ಅವನೂ ಮಲಗ್ಯಾನ, ಏನೂ ಹೇಳಂಗಿಲ್ಲ" ಎಂದಳು. ನನ್ನ ಹಡಗು ಅಲ್ಲೇ ಮುಳುಗಿತು.

ಒಂದು ದಿನ, ಜಪಾನಿನ ಕಂಪನಿಯ ದೊಡ್ಡ ಸಾಹೇಬರೊಬ್ಬರು ಯಾರ್ಡು ನೋಡಲು ಖುದ್ದಾಗಿ ಬರುತ್ತಾರೆಂದು ಕಾಗದ ಬಂತು. ಮ್ಯಾನೇಜರ್ರು ಅದನ್ನು ಮೂರು ಸಲ ಓದಿಸಿದರು. ಯಾಕೆ ಬರುತ್ತಿದ್ದಾರೆಂದು ಅದರಲ್ಲಿರಲಿಲ್ಲ. ಇಲ್ಲದ್ದಕ್ಕೇ ಅವರಿಗೆ ಜ್ವರ ಬಂತು. ಜ್ವರದಲ್ಲೇ ಸಿದ್ಧತೆ ನಡೆಯಿತು. ಅದಿರಿನ ಗುಡ್ಡೆಗಳ ಸುತ್ತ ಸುಣ್ಣದ ಗೆರೆ. ಹಡಗಲಿಯಿಂದ ಮಲ್ಲಿಗೆ ಹಾರ. ಕೊಟ್ಟೂರಿನಿಂದ ಮಿರ್ಚಿ ಮಾಡುವವನನ್ನೇ ಬಾಣಲೆ ಸಮೇತ ಕರೆಸಿದರು. ಸ್ಕೂಲಿನಿಂದ ಹೆಡ್‌ಮಾಸ್ತರರ ಕುರ್ಚಿ ಬಂತು. ಪುಡಿಯ ಗುಡ್ಡ ಕಾಣಬಾರದೆಂದು ಅದರ ಮುಂದೆ ಮದುವೆಮನೆಯ ಶಾಮಿಯಾನದ ಪರದೆ ಎಳೆಸಿದರು. ಮನೆಗೆ ನೆಂಟರು ಬಂದಾಗ ಹಿತ್ತಲ ಬಾಗಿಲು ಮುಚ್ಚುವುದು ನಮ್ಮಲ್ಲಿ ಇದ್ದದ್ದೇ.

ಸಾಹೇಬರು ಬಂದರು. ಸಣ್ಣ ಆಳು, ಬಿಳಿ ಟೋಪಿ, ಜೊತೆಗೆ ಮದರಾಸಿನ ಏಜೆಂಟರು. ಹಾರ ಹಾಕಿಸಿಕೊಂಡರು, ಬಗ್ಗಿ ನಮಸ್ಕಾರ ಮಾಡಿದರು, ಒಂದು ಮಿರ್ಚಿ ತಿಂದು ಕಣ್ಣೀರು ಒರೆಸಿಕೊಂಡು ಇನ್ನೊಂದು ಕೇಳಿದರು. ಸುಣ್ಣದ ಗೆರೆಯೊಳಗಿನ ಕಲ್ಲಿನ ಗುಡ್ಡೆಗಳನ್ನು ಕಣ್ಣಾಡಿಸಿ ನೋಡಿ ತಲೆಯಾಡಿಸಿದರು. ಆಮೇಲೆ ಸೀದಾ ಶಾಮಿಯಾನದ ಪರದೆ ಸರಿಸಿ ಹಿಂದಕ್ಕೆ ಹೋದರು.

ಮ್ಯಾನೇಜರ್ರ ಮುಖ ಸುಟ್ಟ ಬದನೆಕಾಯಿ ಆಯಿತು. "ಅದು ಕಸ ಸಾರ್, ಕ್ಷಮಿಸಬೇಕು, ತೆಗೆಸ್ತೀವಿ ಸಾರ್" ಎನ್ನುತ್ತಾ ಹಿಂದೆಯೇ ಓಡಿದರು. ಸಾಹೇಬರು ಪುಡಿಯನ್ನು ಒಂದು ಚಿಟಿಕೆ ತೆಗೆದು, ನೀರು ಹನಿಸಿ, ಅಂಗೈಯಲ್ಲಿ ತಿಕ್ಕಿ ನೋಡುತ್ತಾ ಬಹಳ ಹೊತ್ತು ನಿಂತರು. ಜೇಬಿನಿಂದ ಬೆರಳುದ್ದದ ಒಂದು ಚೀಲ ತೆಗೆದು ಚಮಚದಲ್ಲಿ ಪುಡಿ ತುಂಬತೊಡಗಿದರು. ಅವರ ಮುಖದ ಮೇಲೆ ಏನೂ ಇರಲಿಲ್ಲ. ಅಂಥ ಮುಖ ಮಾಡಲು ಎಷ್ಟು ಅಭ್ಯಾಸ ಬೇಕೆಂದು ಆಗ ನನಗೆ ತಿಳಿದಿರಲಿಲ್ಲ.

"ಇದನ್ನೇನು ಮಾಡುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮ್ಯಾನೇಜರ್ರು ಇನ್ನೂ ಕ್ಷಮೆ ಕೇಳುತ್ತಲೇ ಇದ್ದರು. ಜರಡಿ ಬಿಟ್ಟು ನೋಡಲು ಬಂದು ನಿಂತಿದ್ದ ಅಕ್ಕನಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಏನಿಲ್ರಿ, ತಗ್ಗಿಗೆ ಹಾಕ್ತೀವಿ, ಗ್ವಾಡಿಗೆ ಬಳೀತೀವಿ" ಎಂದಳು ಅಕ್ಕ. ಆಮೇಲೆ ಆ ಚಮಚವನ್ನೂ ಚೀಲವನ್ನೂ ನೋಡಿ ಅವಳಿಗೆ ಪಾಪವೆನಿಸಿತು. "ಅಷ್ಟು ದೂರದಿಂದ ಬಂದಾನ, ಹೆಂಗ ಚಮಚದಾಗ ತುಂಬಕತ್ಯಾನ ನೋಡು. ಇಷ್ಟು ವರ್ಷ ನಮ್ಮ ಹತ್ರ ಮಾಲು ತಗೊಂಡಾನ, ಒಂದು ದಿನಾನೂ ಕೊಸರು ಹಾಕಿಲ್ಲ ನಾವು." ಹೀಗೆಂದವಳೇ ಒಂದು ಪುಟ್ಟಿ ಪುಡಿ ತುಂಬಿ ಅವರ ಕಾಲ ಬಳಿ ತಂದಿಟ್ಟಳು.

ಸಾಹೇಬರು ನನ್ನನ್ನು ನೋಡಿದರು. ಕೊಸರು ಎಂದರೇನೆಂದು ನಾನು ವಿವರಿಸಿದೆ. ಸಂತೆಯಲ್ಲಿ ಜೋಳ ಅಳೆದರೂ ಮೆಣಸಿನಕಾಯಿ ಅಳೆದರೂ, ಅಳತೆ ಮುಗಿದ ಮೇಲೆ ಒಂದು ಹಿಡಿ ಮೇಲೆ ಹಾಕದೆ ಕೊಳ್ಳುವವರನ್ನು ಕಳಿಸುವುದಿಲ್ಲ, ಕೊಳ್ಳುವವರೂ ಕದಲುವುದಿಲ್ಲ. ಬರೀ ಅಳತೆ ಕೊಟ್ಟವನನ್ನು ಜಿಪುಣನೆನ್ನುತ್ತಾರೆ. ನನಗೆ ಮಾತನಾಡಲು ಸಿಕ್ಕಿದ್ದೇ ಅಪರೂಪ. ಕಾಲು ಗಂಟೆ ಇಂಗ್ಲಿಷಿನಲ್ಲಿ ಕೊಸರಿನ ಮಹಿಮೆ ಹೇಳಿದೆ.

ಸಾಹೇಬರು ನೋಟ್‌ಬುಕ್ಕು ತೆರೆದರು. "ಎಷ್ಟಕ್ಕೆ ಎಷ್ಟು?" ಎಂದರು.

"ಸೇರಿಗೊಂದು ಹಿಡಿ" ಎಂದಳು ಅಕ್ಕ.

ಸೇರು ಎಂದರೆಷ್ಟೆಂದು ಕೇಳಿ ಬರೆದುಕೊಂಡರು. ಹಿಡಿ ಎಂದರೆಷ್ಟೆಂದು ಯಾರಿಗೂ ಹೇಳಲು ಬರಲಿಲ್ಲ. ಆಗ ಅವರು ಅಕ್ಕನಿಗೆ ಒಂದು ಹಿಡಿ ಪುಡಿ ತೆಗೆಯಲು ಸನ್ನೆ ಮಾಡಿ, ಅದನ್ನು ತಮ್ಮ ಸಣ್ಣ ತಕ್ಕಡಿಯಲ್ಲಿ ತೂಗಿದರು. ಮೂರು ಸಲ ತೂಗಿದರು. ಅಕ್ಕ ನಾಚಿಕೊಂಡು, "ಇನ್ನಾ ಸ್ವಲ್ಪ ಹಾಕಬೇಕಿತ್ತೇನೋ" ಎಂದು ಮೂರನೆಯ ಸಲ ಕೈತುಂಬ ತೆಗೆದಳು. ಅವರು ಮೂರನೆಯದನ್ನೇ ಬರೆದುಕೊಂಡರು. ಹೋಗುವಾಗ ಮ್ಯಾನೇಜರ್ರಿಗೆ ಮಾಡಿದ್ದಕ್ಕಿಂತ ಆಳವಾಗಿ ಬಗ್ಗಿ ಅಕ್ಕನಿಗೆ ನಮಸ್ಕಾರ ಮಾಡಿದರು. ಹೆಂಗಸರು ವಾರಗಟ್ಟಲೆ ಆ ನಮಸ್ಕಾರವನ್ನು ಮಾಡಿ ತೋರಿಸಿ ನಕ್ಕರು.

ಒಂದೂವರೆ ತಿಂಗಳಿಗೆ ಕಾಗದ ಬಂತು. ನಿಮ್ಮ ಪ್ರಾಂತ್ಯದ ಉದಾರ ಪದ್ಧತಿಯಿಂದ ನಮ್ಮ ಮನಸ್ಸು ತುಂಬಿದೆ, ಆದರೆ ಒಂದು ಮಾತು ಸ್ಪಷ್ಟವಾಗಲಿ, ಇದು ಆ ದಿನದ ಅತಿಥಿ ಸತ್ಕಾರವೇ ಅಥವಾ ಪ್ರತಿ ಅಳತೆಯ ಜೊತೆಗೂ ನಡೆದು ಬಂದ ಪದ್ಧತಿಯೇ ಎಂದು ಕೇಳಿದ್ದರು. ಧಣಿಗಳು ಫೋನಿನಲ್ಲಿ, "ಕಸ ಹೋದ್ರ ಹೋಗಲಿ, ಅದಕ್ಯಾಕ ನನ್ನ ಕೇಳ್ತಿ" ಎಂದರು. ಮ್ಯಾನೇಜರ್ರು ಕಾಗದವನ್ನು ನನ್ನ ಮುಂದಿಟ್ಟು, "ನಿನಗ ತಿಳಿದಂಗ ಬರಿಯಪ್ಪ. ಸ್ವಲ್ಪ ಭಾರಿ ಇರ್ಲಿ ಇಂಗ್ಲಿಷು" ಎಂದು ಊಟಕ್ಕೆ ಹೋದರು.

ನಾನು ಬಹಳ ಯೋಚಿಸಿದೆ. ಅದಿರಿನ ಬಗ್ಗೆ ಅಲ್ಲ, ವಾಕ್ಯದ ಬಗ್ಗೆ. ಆ ದಿನಕ್ಕೆ ಮಾತ್ರ ಎಂದು ಬರೆದರೆ ನಾವು ಸಣ್ಣವರಾಗಿ ಕಾಣುತ್ತಿದ್ದೆವು. ಹರಪನಹಳ್ಳಿಯ ಟೈಪಿಂಗ್ ಕ್ಲಾಸಿನಲ್ಲಿ ವಕೀಲರ ಕಾಗದಗಳನ್ನು ಬಡಿದು ಕಲಿತವನು ನಾನು. ಅಲ್ಲಿಯ ಭಾರಿ ಮಾತುಗಳೆಲ್ಲ ಬೆರಳ ತುದಿಯಲ್ಲೇ ಇದ್ದವು. ಅನಾದಿ ಕಾಲದಿಂದಲೂ ಈ ಸೀಮೆಯಲ್ಲಿ ಕೊಸರಿಲ್ಲದೆ ಯಾವ ಅಳತೆಯೂ ಹೊರಗೆ ಹೋಗುವುದಿಲ್ಲ, ಮುಂದೆಯೂ ಹೋಗಕೂಡದು ಎಂದು ಬಡಿದೆ. ಓದಿ ನೋಡಿಕೊಂಡಾಗ ಮೈ ಜುಮ್ಮೆಂದಿತು. ಮ್ಯಾನೇಜರ್ರು ಊಟ ಮುಗಿಸಿ ಬಂದು ಓದದೆ ರುಜು ಹಾಕಿದರು.

ಅಕ್ಕನ ಹಿಡಿಯನ್ನು ಜಪಾನಿನವರು ವ್ಯಾಗನ್ನಿನ ಲೆಕ್ಕಕ್ಕೆ ತಂದಾಗ, ಹತ್ತು ವ್ಯಾಗನ್ನು ಕಲ್ಲಿಗೆ ಒಂದು ವ್ಯಾಗನ್ನು ಪುಡಿ ಎಂದಾಯಿತು. ಹೊಸ ಕರಾರಿನಲ್ಲಿ ಕೊಸರು ಎಂಬ ಮಾತು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿ ಬಂತು. ನಾವು ಅದನ್ನು ಊರಿಗೆಲ್ಲ ತೋರಿಸಿದೆವು. "ನನ್ನ ಹಿಡಿಗೆ ವ್ಯಾಗನ್ ತುಂಬತೈತಿ ನೋಡಲೇ" ಎಂದು ಅಕ್ಕ ತನ್ನ ಸಾಲಿನವರಿಗೆ ಕೈ ತೋರಿಸಿದಳು.

ಜಪಾನಿನವರಿಗೆ ಕಸ ಯಾಕೆ ಬೇಕೆಂದು ಚಹಾ ಅಂಗಡಿಯಲ್ಲಿ ದಿನಕ್ಕೊಂದು ಸಿದ್ಧಾಂತ. ಸಮುದ್ರ ತುಂಬಿಸಿ ಹೊಲ ಮಾಡುತ್ತಾರಂತೆ. ಪಾತ್ರೆ ತಿಕ್ಕುತ್ತಾರಂತೆ. ಅವರಲ್ಲಿ ಕೆಂಪು ಮಣ್ಣೇ ಇಲ್ಲವಂತೆ, ಗೋಡೆಗೆ ಬಳಿಯಲು ಬೇಕಂತೆ. ಕೊನೆಯದನ್ನು ಹೇಳಿದವನು ನಾನೇ. ಆ ಪುಡಿಯಲ್ಲಿ ಕಲ್ಲಿನಲ್ಲಿರುವಷ್ಟೇ ಕಬ್ಬಿಣ ಇತ್ತೆಂದು, ಅದನ್ನು ಸುಟ್ಟು ಗಟ್ಟಿ ಮಾಡಿ ಕುಲುಮೆಗೆ ಹಾಕುವ ವಿದ್ಯೆ ಅವರಲ್ಲಿ ಎಂದೋ ಇತ್ತೆಂದು ಆ ಬಯಲಿನಲ್ಲಿ ಯಾರೂ ಯೋಚಿಸಲಿಲ್ಲ. ಗುಡ್ಡ ನಮ್ಮದು, ಗುಡ್ಡದಲ್ಲಿ ಏನಿದೆಯೆಂಬ ತಿಳಿವಳಿಕೆ ಅವರದು. ಹೀಗೆ ಪಾಲು ಮಾಡಿಕೊಂಡು ಇಬ್ಬರೂ ಖುಷಿಯಾಗಿದ್ದೆವು.

ಪುಡಿಗೆ ಈಗ ಮರ್ಯಾದೆ ಬಂತು. ಅದರ ಸುತ್ತ ತಂತಿ ಬೇಲಿ ಹಾಕಿ, ಕಾವಲಿಗೆ ಲಾಠಿ ಹಿಡಿದ ಒಬ್ಬನನ್ನು ನಿಲ್ಲಿಸಿದರು. ರಸ್ತೆ ತಗ್ಗಿಗೆಂದು ಬಂಡಿ ತಂದವರು ಬೈಸಿಕೊಂಡು ಹೋದರು. ಒಂದು ಸಂಜೆ ಅಕ್ಕ ಗೋಡೆಗೆ ಬಳಿಯಲು ಪುಟ್ಟಿ ತುಂಬಿಕೊಂಡು ಹೊರಟಾಗ ಕಾವಲಿನವನು ತಡೆದು, "ಹಂಗ ಒಯ್ಯಂಗಿಲ್ಲಬೇ, ಅದು ಫಾರಿನ್ನವರ ಮಾಲು" ಎಂದ.

"ಕೊಟ್ಟಾಕಿ ನಾನೋ" ಎಂದಳು ಅಕ್ಕ.

"ಕೊಟ್ಟ ಮ್ಯಾಲೆ ಮುಗೀತಲ್ಲ" ಎಂದ ಅವನು. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಅಕ್ಕ ಪುಟ್ಟಿಯನ್ನು ಅಲ್ಲೇ ಸುರಿದು ನನ್ನ ಕಡೆ ಒಮ್ಮೆ ನೋಡಿದಳು. ನಾನು ಟೈಪ್‌ರೈಟರಿಗೆ ರಿಬ್ಬನ್ನು ಹಾಕುವುದರಲ್ಲಿ ಬಹಳ ಮಗ್ನನಾಗಿದ್ದೆ.

ಒಂದು ವರ್ಷದ ಮೇಲೆ ಜಪಾನಿನಿಂದ ಇನ್ನೊಂದು ಕಾಗದ ಬಂತು. ಅಷ್ಟು ವಿನಯದ ಕಾಗದವನ್ನು ನಾನು ಮತ್ತೆ ಕಂಡಿಲ್ಲ. ನೀವು ಕಳಿಸಿದ ಕೊಸರಿನಲ್ಲಿ ಕಲ್ಲಿನಷ್ಟೇ ಕಬ್ಬಿಣವಿದ್ದು, ಅದು ನಮ್ಮ ಕುಲುಮೆಗಳಿಗೆ ಚೆನ್ನಾಗಿ ಹೊಂದಿದೆ. ಆದ್ದರಿಂದ ಇನ್ನು ಮುಂದೆ ಜರಡಿ ಹಿಡಿಯುವ ಶ್ರಮ ತಾವು ತೆಗೆದುಕೊಳ್ಳಬಾರದು. ಗುಡ್ಡದಿಂದ ಬಂದದ್ದನ್ನು ಬಂದ ಹಾಗೆಯೇ ಕಳಿಸಿ, ಬೇರ್ಪಡಿಸುವ ಕೆಲಸವನ್ನು ನಮ್ಮ ಯಂತ್ರಗಳು ಮಾಡುತ್ತವೆ. ಪುಡಿಗೆ ಬೆಲೆ ಹಿಡಿಯದಿರುವುದು ತಮ್ಮ ಅನಾದಿ ಪದ್ಧತಿಯೆಂದು ತಾವೇ ತಿಳಿಸಿರುವಿರಿ, ಅದನ್ನು ಗೌರವಿಸಿ ಕಲ್ಲಿನ ತೂಕಕ್ಕೆ ಮಾತ್ರ ಹಣ ಕಳಿಸುತ್ತೇವೆ. ತಮ್ಮ ಹೆಣ್ಣುಮಕ್ಕಳಿಗೆ ವಿಶ್ರಾಂತಿ ಸಿಗುವುದು ನಮಗೆ ಸಂತೋಷ.

"ಎಷ್ಟು ಕಾಳಜಿ ಐತಿ ನೋಡಪ್ಪ ಅವರಿಗೆ" ಎಂದರು ಮ್ಯಾನೇಜರ್ರು. ನಿಜವಾಗಿ ಹಾಗೆಂದುಕೊಂಡಿದ್ದರೋ, ಹೆದರಿಕೆಯಿಂದಲೋ, ನನಗೆ ತಿಳಿಯಲಿಲ್ಲ. ಹೊಸಪೇಟೆಯ ಧಣಿಗಳಿಂದ ಎರಡೇ ಸಾಲಿನ ಹುಕುಂ ಬಂತು. ಅದನ್ನು ಕನ್ನಡಕ್ಕೆ ಇಳಿಸಿ, ಹೆಂಗಸರಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಿತ್ತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ನಿಂತು ಓದಿದೆ. ನಾಳೆಯಿಂದ ಜರಡಿ ಕೆಲಸ ಇಲ್ಲ. ಹೆಂಗಸರು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಒಬ್ಬಳು, "ಮತ್ತ ಪುಡಿ ತೆಗೆಯೋರು ಯಾರು?" ಎಂದಳು. ಅದು ಅಲ್ಲಿಯೇ ಆಗುತ್ತದೆ ಎಂದೆ. ಅದರಲ್ಲೂ ಕಬ್ಬಿಣ ಇದೆಯಂತೆ, ಕಲ್ಲಿನಷ್ಟೇ ಇದೆಯಂತೆ ಎಂದೆ. ಪುಡಿ ಎಂದೆಂದಿಗೂ ಪುಕ್ಕಟೆ ಎಂದು ನಮ್ಮ ಕಡೆಯಿಂದಲೇ ಕಾಗದ ಹೋಗಿತ್ತಂತೆ ಎಂದೆ. ಯಾರೂ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಸಾಯಂಕಾಲ ಅಕ್ಕ ಕೋಣೆ ಖಾಲಿ ಮಾಡಿ, ಗಂಟು ಕಟ್ಟಿಕೊಂಡು ಆಫೀಸಿನ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಚೌಕಟ್ಟು ಹಿಡಿದು ನಿಂತೇ ಕೇಳಿದಳು.

"ತಮ್ಮಾ, ಆವತ್ತು ನಾನು ಕೊಟ್ಟಿದ್ದು ಒಂದು ಪುಟ್ಟಿ. ಹೌದಿಲ್ಲೋ?"

"ಹೌದಕ್ಕಾ."

"ಅವನು ಬಂದಿದ್ದ, ಕೊಟ್ಟೆ. ನಾಳೆನೂ ಕೊಡ್ತೀನಿ, ಮುಂದನೂ ಕೊಡ್ತೀನಿ ಅಂತ ಅಂದಿದ್ದೆನಾ?"

"ಇಲ್ಲ."

"ಮತ್ತ ಹಂಗಂತ ಅವರಿಗೆ ಬರ್ದವರು ಯಾರು?"

ಮೇಜಿನ ಮೇಲೆ ಟೈಪ್‌ರೈಟರ್ ಇತ್ತು. ಮ್ಯಾನೇಜರ್ರು ಹೊಸಪೇಟೆಗೆ ಹೋಗಿದ್ದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಇವೆಲ್ಲ ನನ್ನ ತಲೆಯಲ್ಲಿ ಒಂದೇ ಸಲಕ್ಕೆ ಬಂದವು.

"ಮ್ಯಾನೇಜರ್ರು" ಎಂದೆ.

ಅಕ್ಕ ಚೌಕಟ್ಟಿನಿಂದ ಕೈ ತೆಗೆದಳು. ಆಮೇಲೆ, "ನನಗ ಗೊತ್ತಿತ್ತು ಬಿಡು. ನಮ್ಮ ಸಾಲಿನೋರು ನಿನ್ನ ಮ್ಯಾಲೆ ಹೇಳ್ತಿದ್ರು. ನಾನು ಬಯ್ದೆ. ಅವನಾಗಿದ್ರ ನನ್ನ ಒಂದು ಮಾತು ಕೇಳದ ಬರೀತಿದ್ದಿಲ್ಲ, ನನ್ನ ಕಷ್ಟ ಅವಗ ಗೊತ್ತೈತಿ ಅಂತ ಅಂದೆ" ಎಂದಳು.

ಹರಪನಹಳ್ಳಿಯ ಕೊನೆಯ ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟಳು. ಅಲ್ಲಿಂದ ಮೈದುನರ ಊರಿಗೆ ಹೋಗಬೇಕಿತ್ತು. ನಾನು ಸ್ಟ್ಯಾಂಡಿನವರೆಗೆ ಅವಳ ಗಂಟು ಹೊತ್ತುಕೊಂಡು ಹೋದೆ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ನನ್ನ ತಲೆ ಸವರಿ, "ಚಲೋ ಇರು" ಎಂದಳು. ಮರುದಿನ ಬೆಳಗ್ಗೆ ಆಫೀಸಿಗೆ ಹೋಗಿ, ತಮ್ಮ ಕಾಗದ ತಲುಪಿದೆ, ತಮ್ಮ ಇಚ್ಛೆಯಂತೆಯೇ ಆಗಿದೆ ಎಂದು ಟೈಪು ಮಾಡಿದೆ. ಒಂದು ಅಕ್ಷರವೂ ತಪ್ಪಾಗಿರಲಿಲ್ಲ.